ಹಳೆಯ ಮಿಯಾಟಾಗೆ ಯಾವ ಶಾಕ್, ಯಾವ ಸ್ಪ್ರಿಂಗ್?

ಮಾಜ್ಡಾ ಎಂಎಕ್ಸ್-5, ಅಂದರೆ ಮಿಯಾಟಾ ಸ್ಪೋರ್ಟ್ಸ್ ಕಾರಿನ ಮೊದಲೆರಡು ತಲೆಮಾರುಗಳಲ್ಲಿ (ಎನ್‌ಎ 1997ರವರೆಗೆ, ಎನ್‌ಬಿ 2005ರವರೆಗೆ) ಕಾರ್ಖಾನೆಯ ಶಾಕ್ (ಸ್ಪ್ರಿಂಗಿನ ಕುಣಿತ ತಡೆಯುವ ಭಾಗ) ಇನ್ನೂ ಉಳಿದಿದ್ದರೆ ಅದರ ಕೆಲಸ ಎಂದೋ ಮುಗಿದಿದೆ. ಸ್ಪ್ರಿಂಗ್ ಹಾಗಲ್ಲ. ಉಕ್ಕು ಸ್ವಲ್ಪ ಕುಸಿಯಬಹುದು, ಆದರೆ ಅದರ ಗಟ್ಟಿತನ ವರ್ಷಗಳಿಂದ ಕಡಿಮೆಯಾಗುವುದಿಲ್ಲ. ತುಕ್ಕು ಹಿಡಿಯದ, ಮುರಿಯದ ಸ್ಪ್ರಿಂಗ್ ಇದ್ದರೆ ಮೊದಲ ದುಡ್ಡು ಶಾಕ್‌ಗೇ ಹೋಗಲಿ.

ಇನ್ನೊಂದು ಮಾತು ಈಗಲೇ ಹೇಳಬೇಕು. ಈ ಕಾರಿನ ನಿಜವಾದ ಕೊರತೆ ಸ್ಪ್ರಿಂಗಿನ ಮೆತುತನವಲ್ಲ, ಚಕ್ರ ಮೇಲೇರಲು ಇರುವ ಜಾಗ. ಕಾರು ತಗ್ಗಿಸಿದಷ್ಟೂ ಆ ಜಾಗ ಕರಗುತ್ತದೆ. ತಿರುವಿನ ನಡುವೆ ಶಾಕ್ ಹೋಗಿ ಬಂಪ್‌ಸ್ಟಾಪ್‌ಗೆ, ಅಂದರೆ ಚಲನೆಯ ಕೊನೆಯಲ್ಲಿರುವ ತಡೆಗೆ, ಬಡಿದರೆ ಆ ಮೂಲೆಯ ಗಟ್ಟಿತನ ಒಮ್ಮೆಲೇ ಹಲವು ಪಟ್ಟಾಗುತ್ತದೆ. ಹಿಂದಿನ ಚಕ್ರದಲ್ಲಿ ಹೀಗಾದರೆ ಹಿಂಬದಿ ಮುನ್ಸೂಚನೆಯಿಲ್ಲದೆ ಜಾರುತ್ತದೆ. ‘ಮಿಯಾಟಾ ನಂಬುವ ಹಾಗಿಲ್ಲ’ ಎಂಬ ದೂರುಗಳಲ್ಲಿ ಬಹಳಷ್ಟು ಹುಟ್ಟುವುದು ಇಲ್ಲೇ.

ಕೆವೈಬಿ ಎಕ್ಸೆಲ್-ಜಿ ಮೂಲ ಶಾಕ್‌ಗೆ ಅಗ್ಗದ, ಪ್ರಾಮಾಣಿಕ ಬದಲಿ. ಕಾರ್ಖಾನೆ ಸ್ಪ್ರಿಂಗ್, ಕಾರ್ಖಾನೆ ಎತ್ತರ, ದಿನನಿತ್ಯದ ಓಡಾಟ ಎಂದರೆ ಇದೇ ಸಾಕು. ತಗ್ಗಿಸುವ ಸ್ಪ್ರಿಂಗ್ ಜೊತೆ ಮಾತ್ರ ಬೇಡ, ಹಿಡಿತ ಸಾಲದೆ ಕಾರು ತೇಲುತ್ತದೆ.

ಬಿಲ್‌ಸ್ಟೈನ್ ಬಿ6 ಮೊನೊಟ್ಯೂಬ್, ಅಂದರೆ ಒಂದೇ ಕೊಳವೆಯ ಶಾಕ್, ಒಳಗೆ ಹೆಚ್ಚಿನ ಒತ್ತಡದ ಗ್ಯಾಸ್. ಮಾಜ್ಡಾ ತಾನೇ 1994ರ ಗಟ್ಟಿ ಸಸ್ಪೆನ್ಷನ್ನಿನ ಆರ್ ಪ್ಯಾಕೇಜಿನಲ್ಲಿ ಬಿಲ್‌ಸ್ಟೈನ್ ಕೊಟ್ಟಿತ್ತು. ಬಿಗಿ ಹೆಚ್ಚು-ಕಡಿಮೆ ಮಾಡುವ ಗುಂಡಿ ಇಲ್ಲ, ಹಾಕಿ ಮರೆತುಬಿಡಬಹುದು. ಸಣ್ಣ ಚೂಪು ಉಬ್ಬುಗಳಲ್ಲಿ ತುಸು ಒರಟು. ಮೂಲ ಎತ್ತರಕ್ಕೆಂದೇ ಮಾಡಿದ್ದು, ಬಹಳ ತಗ್ಗಿಸುವವರಿಗಲ್ಲ.

ನನ್ನ ಆಯ್ಕೆ ಕೋನಿ ಸ್ಪೋರ್ಟ್, ಹಳದಿ ಬಣ್ಣದ್ದು. ಮೇಲಿನ ಗುಂಡಿ ತಿರುಗಿಸಿದರೆ ಬದಲಾಗುವುದು ರಿಬೌಂಡ್ ಮಾತ್ರ, ಅಂದರೆ ಅದುಮಿದ ಸ್ಪ್ರಿಂಗ್ ಹಿಗ್ಗುವಾಗಿನ ತಡೆ. ಇದನ್ನು ಗಟ್ಟಿ-ಮೆತ್ತಗಿನ ಗುಂಡಿ ಎಂದುಕೊಂಡು ಪೂರ್ತಿ ಬಿಗಿ ಮಾಡುವುದು ಎಲ್ಲರೂ ಮಾಡುವ ತಪ್ಪು. ರಿಬೌಂಡ್ ಅತಿಯಾದರೆ ಒಂದು ಉಬ್ಬು ದಾಟಿದ ಚಕ್ರ ಪೂರ್ತಿ ಕೆಳಗಿಳಿಯುವ ಮೊದಲೇ ಮುಂದಿನದು ಬರುತ್ತದೆ. ಸಾಲು ಉಬ್ಬಿನ ರಸ್ತೆಯಲ್ಲಿ ಕಾರು ಮೆಟ್ಟಿಲು ಇಳಿದಂತೆ ಕೆಳಕ್ಕೆ ಕೂರುತ್ತಾ ಬಂಪ್‌ಸ್ಟಾಪ್ ಮೇಲೆ ಓಡತೊಡಗುತ್ತದೆ. ಚಾಲಕನಿಗೆ ಅದು ‘ಸ್ಪ್ರಿಂಗ್ ಗಟ್ಟಿ’ ಎನಿಸುತ್ತದೆ, ಮದ್ದು ಇರುವುದು ಗುಂಡಿ ಸಡಿಲಿಸುವುದರಲ್ಲಿ. ಪೂರ್ತಿ ಮೆತ್ತಗಿನಿಂದ ಶುರುಮಾಡಿ, ಕಾಲು ಸುತ್ತಿನಷ್ಟೇ ಹೆಚ್ಚಿಸುತ್ತಾ ಹೋಗಿ. ಉಬ್ಬಿನ ನಂತರ ಕಾರು ಒಮ್ಮೆ ಎದ್ದು ನಿಂತುಬಿಟ್ಟರೆ ಅಲ್ಲಿಗೆ ಸಾಕು. ಎಡ-ಬಲ ಒಂದೇ ಅಳತೆ ಇರಲಿ.

ಸ್ಪ್ರಿಂಗ್ ಬದಲಿಸಲೇಬೇಕೆಂದರೆ ಐಬಾಕ್ ಪ್ರೊ-ಕಿಟ್‌ನಂಥ ಹಿತಮಿತದ್ದು ಕೋನಿಗೆ ಒಗ್ಗುತ್ತದೆ. ಲೆಕ್ಕ ಸರಳ: ಸ್ಪ್ರಿಂಗ್ ಎರಡು ಪಟ್ಟು ಗಟ್ಟಿಯಾದರೆ ಡ್ಯಾಂಪಿಂಗ್ (ಶಾಕ್ ಒಡ್ಡುವ ತಡೆ) ಸುಮಾರು 1.4 ಪಟ್ಟು, ಮೂರು ಪಟ್ಟಾದರೆ 1.7 ಪಟ್ಟು ಬೇಕು. ತೀರಾ ಅಗ್ಗದ ಕಾಯ್ಲೋವರ್‌ಗಳು (ಎತ್ತರ ಹೊಂದಿಸಬಹುದಾದ ಶಾಕ್-ಸ್ಪ್ರಿಂಗ್ ಜೋಡಿ) ಸೋಲುವುದು ಇಲ್ಲಿಯೇ. ಗಟ್ಟಿ ಸ್ಪ್ರಿಂಗ್ ಇರುತ್ತದೆ, ಅದಕ್ಕೆ ತಕ್ಕ ವಾಲ್ವ್ ಇರುವುದಿಲ್ಲ. ಮಾರುವವರು ಡ್ಯಾಂಪರ್ ಗ್ರಾಫ್, ಅಂದರೆ ಯಾವ ವೇಗಕ್ಕೆ ಶಾಕ್ ಎಷ್ಟು ತಡೆಯುತ್ತದೆ ಎಂಬ ನಕ್ಷೆ, ಕೊಡದಿದ್ದರೆ ಕೊಳ್ಳಬೇಡಿ. ಸ್ಪ್ರಿಂಗ್ ಕತ್ತರಿಸುವ ಯೋಚನೆಯಂತೂ ಬೇಡವೇ ಬೇಡ.

ಎನ್‌ಎ ಇರುವವರು ಶಾಕ್ ಜೊತೆಗೇ ಎನ್‌ಬಿ ಮೇಲ್ಮೌಂಟ್ (ಶಾಕ್‌ನ ಮೇಲ್ತುದಿಯನ್ನು ಕಾರಿಗೆ ಹಿಡಿಸುವ ಭಾಗ) ತರಿಸಿಕೊಳ್ಳಿ. ಅದರಿಂದ ಮೇಲ್ಚಲನೆಗೆ ಹೆಚ್ಚು ಜಾಗ ಸಿಗುತ್ತದೆ. ಇಡೀ ಪಟ್ಟಿಯಲ್ಲಿ ಹಾಕಿದ ದುಡ್ಡಿಗೆ ಅತಿ ಹೆಚ್ಚು ಫಲ ಕೊಡುವ ಭಾಗ ಇದೇ. ಹಳೆಯ ಬಂಪ್‌ಸ್ಟಾಪ್ ಮುಟ್ಟಿದರೆ ಪುಡಿಯಾಗುತ್ತದೆ, ಹೊಸ ಫೋಮ್ ಪಾಲಿಯುರೆಥೇನಿನದು ಹಾಕಿ. ಧೂಳುಗವಸನ್ನೂ ಬಿಡಬೇಡಿ.

ಜೋಡಿಸುವಾಗ ಕೆಲವು ಎಚ್ಚರಿಕೆ. ಸ್ಪ್ರಿಂಗನ್ನು ಕಂಪ್ರೆಸರ್‌ನಲ್ಲಿ ಹಿಡಿಯದೆ ಮೇಲಿನ ನಟ್ ಬಿಚ್ಚಲೇಬಾರದು. ಹೊಸ ಶಾಕ್‌ನ ನಟ್‌ಗೆ ಇಂಪ್ಯಾಕ್ಟ್ ಗನ್ ಹಿಡಿಯಬೇಡಿ, ರಾಡ್ ಗಿರ್ರನೆ ತಿರುಗಿ ಒಳಗಿನ ಸೀಲ್ ಹಾಳಾಗುತ್ತದೆ. ರಾಡನ್ನು ಇಕ್ಕಳದಲ್ಲಿ ಹಿಡಿದರೆ ಬೀಳುವ ಒಂದು ಸಣ್ಣ ಗೀರೂ ಎಣ್ಣೆ ಸೋರಲು ಸಾಕು. ಟ್ವಿನ್‌ಟ್ಯೂಬ್ (ಒಂದರೊಳಗೊಂದು ಎರಡು ಕೊಳವೆಯ) ಶಾಕನ್ನು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆದು ಗಾಳಿ ಹೊರಹಾಕಿ. ಸಸ್ಪೆನ್ಷನ್ ತೋಳುಗಳ ಬೋಲ್ಟ್‌ಗಳನ್ನು ಕಾರು ಜಾಕಿ ಮೇಲಿರುವಾಗ ಬಿಗಿ ಮಾಡಬೇಡಿ. ತೋಳಿನ ಕೀಲುಗಳಲ್ಲಿರುವ ಬುಶ್‌ಗಳ ರಬ್ಬರ್ ಲೋಹಕ್ಕೆ ಅಂಟಿಕೊಂಡಿರುತ್ತದೆ. ಚಕ್ರ ಜೋತಾಡುವಾಗ ಬಿಗಿದರೆ ಕಾರು ಇಳಿದ ಮೇಲೆ ಅದು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಎತ್ತರವೂ ಸುಳ್ಳು ತೋರಿಸುತ್ತದೆ.

ಎತ್ತರವನ್ನು ನೆಲದಿಂದಲ್ಲ, ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿಗೆ ಅಳೆಯಿರಿ, ಆಗ ಟೈರ್ ಗಾತ್ರ ಲೆಕ್ಕಕ್ಕೆ ಬರುವುದಿಲ್ಲ. ಮುಂದಿನ ಚಕ್ರಗಳಲ್ಲಿ 13 ಇಂಚಿನ ಸುತ್ತಮುತ್ತ ಒಳ್ಳೆಯದು, 12.5ಕ್ಕಿಂತ ತಗ್ಗಿಸುವುದು ಬರೀ ನೋಟಕ್ಕೆ.

ಕೊನೆಗೆ ಅಲೈನ್‌ಮೆಂಟ್ ಮಾಡಿಸಲೇಬೇಕು, ತಗ್ಗಿಸಿದಾಗ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು), ಟೋ (ಮೇಲಿನಿಂದ ನೋಡಿದಾಗ ಅದರ ದಿಕ್ಕು) ಎರಡೂ ಬದಲಾಗಿರುತ್ತವೆ. ಅಮೆರಿಕದಲ್ಲಿ ಚಳಿಗಾಲಕ್ಕೆ ಉಪ್ಪು ಹಾಕುವ ಊರುಗಳ ಕಾರಿನಲ್ಲಿ ಅಲೈನ್‌ಮೆಂಟಿನ ಕ್ಯಾಮ್ ಬೋಲ್ಟ್‌ಗಳು (ತಿರುಗಿಸಿ ಚಕ್ರದ ಕೋನ ಹೊಂದಿಸುವಂಥವು) ತುಕ್ಕಿಗೆ ಬುಶ್‌ನ ಒಳತೋಳಿಗೆ ಕಚ್ಚಿಕೊಂಡಿರುತ್ತವೆ. ಶಾಕ್ ಆರ್ಡರ್ ಮಾಡುವ ಮೊದಲೇ ಅವಕ್ಕೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ಅಲುಗಾಡುತ್ತವೆಯೇ ನೋಡಿ. ಅಲುಗದಿದ್ದರೆ ಹೊಸ ಬೋಲ್ಟ್, ಬುಶ್‌ಗಳ ಖರ್ಚನ್ನೂ ಈಗಲೇ ಸೇರಿಸಿಕೊಳ್ಳಿ.