ಬೀದಿಯಲ್ಲಿ ಕೂತು ಬಣ್ಣ ಹಚ್ಚುವವರಿಗೆ: ಪ್ಯಾನೋ ಟ್ಯೂಬೋ, ಕಾಟನ್ನೋ ಸಾದಾ ಕಾಗದವೋ?

ಹೂವಿನ ಸಾಲು, ದರ್ಶಿನಿಯ ಕೌಂಟರು, ಬಸ್‌ಸ್ಟ್ಯಾಂಡಿನ ಬೆಂಚು, ರೈಲಿನ ಕಿಟಕಿ. ಇವನ್ನೆಲ್ಲ ಅಲ್ಲಲ್ಲೇ ಕೂತು ಜಲವರ್ಣದಲ್ಲಿ ಬಿಡಿಸುವುದು ನನ್ನ ಕೆಲಸ. ಅರ್ಧ ಹೊಟ್ಟೆಪಾಡಿಗೆ, ಇನ್ನರ್ಧ ಹುಚ್ಚಿಗೆ. ಹೊಸದಾಗಿ ಕೈಹಾಕುವವರು ನನ್ನನ್ನು ಮೊದಲು ಕೇಳುವ ಪ್ರಶ್ನೆ, "ಯಾವ ಕಂಪನಿ ಬಣ್ಣ ಸಾರ್?" ಕಾಗದದ ವಿಚಾರ ಯಾರೂ ಎತ್ತುವುದಿಲ್ಲ. ನನ್ನ ಕೈಯಲ್ಲಿ ಒಂದು ಸಾವಿರ ರೂಪಾಯಿ ಇದ್ದರೆ ಮುಕ್ಕಾಲು ಪಾಲು ಕಾಗದಕ್ಕೇ ಹಾಕುತ್ತೇನೆ. ಯಾಕೆ ಎನ್ನುವುದನ್ನು ಕೆಳಗೆ ಬರೆದಿದ್ದೇನೆ. ಎಲ್ಲವೂ ಬೀದಿಯಲ್ಲಿ ಹಚ್ಚಿ ನೋಡಿದ್ದು. ಸ್ಟುಡಿಯೋದಲ್ಲಿ ಫ್ಯಾನ್ ಕೆಳಗೆ ಕೂತು ಕೆಲಸ ಮಾಡುವವರಿಗೆ ಲೆಕ್ಕ ಬೇರೆಯಾಗಬಹುದು.

ಮೊದಲು ಕಾಗದ. ಅಂಗಡಿಯಲ್ಲಿ ಸಿಗುವ ಸಾದಾ ವಾಟರ್‌ಕಲರ್ ಪೇಪರ್ ಮರದ ತಿರುಳಿನದು, ಕಾಟನ್ ಪೇಪರ್ ಹತ್ತಿಯ ನಾರಿನದು. ಎರಡೂ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಇರಬಹುದು, ಎರಡರ ಮೇಲೂ ಕೋಲ್ಡ್ ಪ್ರೆಸ್, ಅಂದರೆ ಸ್ವಲ್ಪ ತರಿತರಿ ಮೈಯ ಕಾಗದ, ಎಂದು ಬರೆದಿರಬಹುದು, ಮುಟ್ಟಿ ನೋಡಿದರೆ ಹೆಚ್ಚು ವ್ಯತ್ಯಾಸ ಗೊತ್ತಾಗದು. ನೀರು ಬಿದ್ದ ಮೇಲೆ ಮಾತ್ರ ಬಣ್ಣ ಬಯಲಾಗುತ್ತದೆ.

ಗಾಂಧಿ ಬಜಾರಿನಲ್ಲಿ ಒಂದೇ ರಟ್ಟಿಗೆ ಎರಡೂ ಕಾಗದ ಕ್ಲಿಪ್ ಮಾಡಿಕೊಂಡು ಒಂದೇ ಕನಕಾಂಬರದ ರಾಶಿಯನ್ನು ಎರಡರ ಮೇಲೂ ಬರೆದೆ. ಕನಕಾಂಬರದ ಬಣ್ಣ ಟ್ಯೂಬಿನಿಂದ ನೇರವಾಗಿ ಬರುವುದಿಲ್ಲ. ಮೊದಲು ಹಳದಿಯ ತೆಳು ವಾಶ್, ಅಂದರೆ ನೀರು ಬೆರೆಸಿದ ಬಣ್ಣದ ಹಾಸು, ಹಾಕಿ, ಅದು ಒದ್ದೆಯಿರುವಾಗಲೇ ಕೆಂಪು ಬಿಡಬೇಕು. ಅವೆರಡೂ ಕಾಗದದ ಮೇಲೇ ಬೆರೆತರೆ ಆ ಹೂವಿನ ಹೊಳಪು ಬರುತ್ತದೆ, ಪ್ಯಾಲೆಟ್ಟಿನಲ್ಲಿ ಬೆರೆಸಿ ಹಚ್ಚಿದರೆ ಮಂಕು. ಸಾದಾ ಕಾಗದದಲ್ಲಿ ನಾನು ಬ್ರಷ್ ತೊಳೆದು ಕೆಂಪು ತೆಗೆದುಕೊಳ್ಳುವಷ್ಟರಲ್ಲಿ ಹಳದಿ ಅರ್ಧ ಒಣಗಿತ್ತು. ಕೆಂಪು ಬಿಟ್ಟ ಕೂಡಲೇ ಅದರ ನೀರು ಹಳದಿಯನ್ನು ಅಂಚಿಗೆ ತಳ್ಳಿ, ಗರಗಸದ ಹಲ್ಲಿನ ಗೆರೆಯೊಂದು ನಿಂತಿತು. ಅದನ್ನು ಸವರಿ ಸರಿಮಾಡಲು ಹೋದರೆ ಕಾಗದದ ಮೇಲ್ಪದರವೇ ಪುಡಿಪುಡಿಯಾಗಿ ಏಳುತ್ತದೆ. ಕಾಟನ್ ಮೇಲೆ ಹಳದಿ ಇನ್ನೂ ಮಿರಮಿರ ಎನ್ನುತ್ತಿತ್ತು. ಕೆಂಪು ತಾಕಿಸಿದೆ, ತಾನಾಗಿ ಹರಡಿ ತಾನಾಗಿ ನಿಂತಿತು. ಕಾಗದದ ಹೊಳಪು ಇಳಿದಾಗ ಸ್ವಲ್ಪ ಒಣ ಬ್ರಷ್ಷಿನಲ್ಲಿ ಮಾಲೆಯ ಸುರುಳಿಗಳ ನಡುವಿನ ಕತ್ತಲನ್ನು ನಾಲ್ಕು ಕಡೆ ಮುಟ್ಟಿದೆ, ಬಾಳೆಲೆಯ ಹಸಿರನ್ನು ಪಕ್ಕದಲ್ಲಿ ಎಳೆದೆ. ಮುಗಿಯಿತು. ಹೂವಿನಮ್ಮ ಬಗ್ಗಿ ನೋಡಿ, "ಏನ್ ಸಾರ್, ಹೂವು ಮಾತ್ರ ಬರ್ದಿದೀರಾ, ನಾನೆಲ್ಲಿ?" ಎಂದು ಕೇಳಿದರು. ಆಮೇಲೆ ಅವರನ್ನೂ ಸೇರಿಸಿದೆ.

ಇನ್ನೊಂದು ವ್ಯತ್ಯಾಸ ಪದರದ ಮೇಲೆ ಪದರ ಹಚ್ಚುವಾಗ ಕಾಣುತ್ತದೆ. ಹಳೆ ಮನೆಯ ಸುಣ್ಣದ ಗೋಡೆಯ ಮೇಲೆ ಮಾಡಿನ ನೆರಳು ಬೀಳಿಸಬೇಕು ಅನ್ನಿ. ಕಾಟನ್ ಪೇಪರಿನಲ್ಲಿ ಕೆಳಗಿನ ಪದರ ನಾರಿನೊಳಗೆ ಇಳಿದು ಕೂತಿರುತ್ತದೆ, ಮೇಲೆ ನೀಲಿಗಪ್ಪು ಎಳೆದರೂ ಅಲುಗುವುದಿಲ್ಲ. ಸಾದಾ ಕಾಗದದಲ್ಲಿ ಅದು ಮೇಲ್ಮೈಯಲ್ಲೇ ಕೂತಿರುವುದರಿಂದ ಎರಡನೇ ಪದರಕ್ಕೆ ಕದಡಿ ಕೆಸರಾಗುತ್ತದೆ. ಇದೇ ಗುಣ ಒಮ್ಮೊಮ್ಮೆ ಉಪಕಾರಕ್ಕೂ ಬರುತ್ತದೆ. ಬಣ್ಣ ಮೇಲೆಯೇ ಇರುವುದರಿಂದ ಒದ್ದೆ ಬ್ರಷ್ಷಿನಿಂದ ಎತ್ತಿ ತೆಗೆಯುವುದು ಸಲೀಸು. ಸ್ಟೀಲ್ ಲೋಟದ ಮೇಲಿನ ಹೊಳಪು ಮರೆತಿದ್ದರೆ ಆಮೇಲೆಯೂ ತೆಗೆಯಬಹುದು. ಕಾಟನ್‌ನಲ್ಲಿ ಬಿಳಿಯನ್ನು ಮೊದಲೇ ಬಿಟ್ಟುಕೊಳ್ಳುವ ಶಿಸ್ತು ಬೇಕು.

ನಿಮ್ಮದು ಪೆನ್ನಿನ ಗೆರೆಯೇ ಮುಖ್ಯ, ಬಣ್ಣ ಬರೀ ಮೇಲಿಂದ ಮುಟ್ಟಿಸುವುದಕ್ಕೆ ಎನ್ನುವ ಕೈಯಾದರೆ ಕಾಟನ್ ದಂಡ. ಅದರ ಒರಟು ಮೈಮೇಲೆ ಪೆನ್ನು ತಡವರಿಸುತ್ತದೆ, ತೆಳು ತುದಿಯ ಪೆನ್ನುಗಳು ಬೇಗ ಸವೆಯುತ್ತವೆ. 200 ಜಿಎಸ್‌ಎಂನ ನುಣುಪು ಸಾದಾ ಸ್ಕೆಚ್‌ಬುಕ್ ಸಾಕು. ಅಂಥವರು ಮುಂದಿನ ಪ್ಯಾರಾ ಹಾರಿಸಿ.

ಕಾಟನ್ ದುಬಾರಿ, ನಿಜ. ಅದಕ್ಕೇ ನಾನು ಸ್ಕೆಚ್‌ಬುಕ್ ಕೊಳ್ಳುವುದಿಲ್ಲ, ಇಡೀ ಶೀಟು ಕೊಳ್ಳುತ್ತೇನೆ. 22 x 30 ಇಂಚಿನ ಶೀಟನ್ನು ಎರಡೂ ಕಡೆ ನಾಲ್ಕು ನಾಲ್ಕು ಭಾಗ ಮಡಚಿ ಹರಿದರೆ ಐದೂವರೆ x ಏಳೂವರೆ ಇಂಚಿನ 16 ತುಂಡು ಬರುತ್ತವೆ. ಮೊಣಕಾಲ ಮೇಲೆ ಇಟ್ಟು ಬರೆಯಲು ಇದಕ್ಕಿಂತ ಹಿತವಾದ ಅಳತೆ ನನಗೆ ಸಿಕ್ಕಿಲ್ಲ. ಫ್ರಾನ್ಸಿನ ಆರ್ಶ್ ಮಿಲ್ಲಿನ ಕಾಗದವನ್ನು ಹೀಗೆ ಹರಿದು ಬಳಸುವಾಗ, 1492ರಲ್ಲಿ ಶುರುವಾದ ಮಿಲ್ಲಿನ ಕಾಗದದ ಮೇಲೆ ಕೆ.ಆರ್. ಮಾರ್ಕೆಟ್ಟಿನ ಬದನೆಕಾಯಿ ಬರೆಯುತ್ತಿದ್ದೇನಲ್ಲ ಎಂದು ಒಳಗೊಳಗೇ ನಗು ಬರುತ್ತದೆ. ಒಂದು ವಿಷಯ ಗೊತ್ತಿರಲಿ: ಆ ಕಾಗದ ನೀರನ್ನು ಗಬಕ್ಕನೆ ಕುಡಿಯದಂತೆ ತಡೆಯುವ ಸೈಜಿಂಗ್ ಜೆಲಾಟಿನ್‌ನದು, ಅಂದರೆ ಪ್ರಾಣಿಮೂಲದ್ದು. ಕಟ್ಟಾ ಸಸ್ಯಾಹಾರಿಗಳಾದ ನನ್ನ ಗೆಳೆಯರು ಕೆಲವರು ಅದನ್ನು ಮುಟ್ಟುವುದಿಲ್ಲ. ಜೆಲಾಟಿನ್ ಇಲ್ಲದ ಕಾಟನ್ ಕಾಗದಗಳೂ ಇವೆ.

ಈ ಸೈಜಿಂಗ್ ವಿಷಯ ಕರಾವಳಿ, ಮಲೆನಾಡಿನವರಿಗೆ ಇನ್ನೂ ಮುಖ್ಯ. ಕಾಗದವನ್ನು ಒಂದೆರಡು ಮಳೆಗಾಲ ಬೀರುವಿನಲ್ಲಿ ಹಾಗೇ ಬಿಟ್ಟರೆ ಥಂಡಿಗೆ ಸೈಜಿಂಗ್ ಕೆಡುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ವಾಶ್ ಹಾಕಿದಾಗ ಅಲ್ಲಲ್ಲಿ ಬ್ಲಾಟಿಂಗ್ ಪೇಪರಿನಂತೆ ಬಣ್ಣ ಹೀರಿ, ಆಕಾಶದ ತುಂಬಾ ಕಪ್ಪು ಚುಕ್ಕೆ ಏಳುತ್ತವೆ. ಇದರ ಮುಂದೆ ಸಾದಾ, ಕಾಟನ್ ಎಂಬ ಭೇದವಿಲ್ಲ. ಜಿಪ್ ಕವರಿಗೆ ಹಾಕಿ, ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಡಿ. ಬೇಕಾದಷ್ಟೇ ಕೊಳ್ಳಿ.

ಈಗ ಪ್ಯಾನು, ಟ್ಯೂಬು. ಎರಡರೊಳಗೂ ಇರುವುದು ಪಿಗ್ಮೆಂಟು, ಅಂದರೆ ಬಣ್ಣದ ಪುಡಿ, ಮತ್ತು ಗಮ್ ಅರೇಬಿಕ್, ಅಂದರೆ ಜಾಲಿ ಜಾತಿಯ ಮರದ ಗೋಂದು. ಒಣ ಬಿಲ್ಲೆಯಾದರೆ ಪ್ಯಾನ್, ಹಸಿ ಪೇಸ್ಟಾದರೆ ಟ್ಯೂಬ್. ಬಣ್ಣಕ್ಕೆ ಲೋಹದ ಟ್ಯೂಬ್ ಕಂಡುಹಿಡಿದವನು ಅಮೆರಿಕದ ಚಿತ್ರಕಾರ ಜಾನ್ ಗಾಫ್ ರಾಂಡ್, ಪೇಟೆಂಟ್ ಪಡೆದದ್ದು 1841ರಲ್ಲಿ. ಹೊರಗೆ ಹೋಗಿ ಬರೆಯುವವರಿಗೆ ಅದು ವರವಾಯಿತು ಎನ್ನುತ್ತಾರೆ. ತೈಲವರ್ಣದ ಮಟ್ಟಿಗೆ ಒಪ್ಪುತ್ತೇನೆ. ಜಲವರ್ಣದಲ್ಲಿ ಮಾತ್ರ ಹೊರಗಡೆಗೆ ಪ್ಯಾನೇ ಮೇಲು. ಬಸ್ಸಿನಲ್ಲಿ ಟ್ಯೂಬಿನ ಮುಚ್ಚಳ ತಿರುಗಿಸುತ್ತಾ ಕೂರಲು ಮೂರನೇ ಕೈ ಬೇಕು. ಅಂಗಡಿಯವರು ತುಂಬಿ ಕೊಡುವ ಡಬ್ಬಿಯಲ್ಲಿ ಬೇಡದ ಬಣ್ಣಗಳೇ ಜಾಸ್ತಿ. ನೇರಳೆ, ಎರಡು ಥರದ ಗಿಳಿಹಸಿರು, ಒಂದು ಬಿಳಿ. ವರ್ಷವಾದರೂ ಅವುಗಳ ಮೂಲೆ ಸವೆಯುವುದಿಲ್ಲ.

ಹಾಗಾಗಿ ನನ್ನ ಓಟು ಮಧ್ಯದ ದಾರಿಗೆ: ಟ್ಯೂಬ್ ಕೊಂಡು ಖಾಲಿ ಪ್ಯಾನಿಗೆ, ಅಂದರೆ ಬಿಲ್ಲೆ ಕೂರುವ ಪುಟ್ಟ ಬಟ್ಟಲಿಗೆ, ಹಿಂಡಿ ಒಣಗಿಸಿಕೊಳ್ಳುವುದು. ಚಿಕ್ಕ ಅಳತೆಯ ಹಾಫ್ ಪ್ಯಾನಿಗೆ ಸುಮಾರು 2 ಎಂಎಲ್ ಹಿಡಿಯುತ್ತದೆ. 5 ಎಂಎಲ್ ಟ್ಯೂಬಿನಲ್ಲಿ ಎರಡು ತುಂಬಿ ಕೊಂಚ ಉಳಿಯುತ್ತದೆ. ಒಂದೇ ಸಲ ತುಂಬಬೇಡಿ, ಬಿರುಕು ಬಿಡುತ್ತದೆ. ಅರ್ಧ ಹಿಂಡಿ, ಒಣಗಿದ ಮೇಲೆ ಇನ್ನರ್ಧ. ನನ್ನ ಡಬ್ಬಿಯಲ್ಲಿ ಆರೇ ಬಣ್ಣ: ಒಂದು ನಿಂಬೆ ಹಳದಿ, ಒಂದು ಕಡು ಕೆಂಪು, ಅಲ್ಟ್ರಾಮರೀನ್, ಥ್ಯಾಲೋ ನೀಲಿ, ಯೆಲ್ಲೊ ಓಕರ್, ಬರ್ನ್ಟ್ ಸಿಯೆನಾ. ಕಪ್ಪು ಇಲ್ಲ. ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನಾ ಬೆರೆಸಿದರೆ ಹಂಪಿಯ ಬಂಡೆಯ ಬೂದು ಬರುತ್ತದೆ. ಅಲ್ಟ್ರಾಮರೀನ್ ಕಣಕಣವಾಗಿ ಕಾಗದದ ಗುಳಿಗಳಲ್ಲಿ ಇಳಿದು ಕೂರುವ ಬಣ್ಣ, ಕಲ್ಲಿನ ಒರಟುತನ ತಾನಾಗಿ ಮೂಡುತ್ತದೆ. ನೀಲಿ ಹೆಚ್ಚಿದರೆ ಸಂಜೆಯ ಬಂಡೆ, ಕೆಂಗಂದು ಹೆಚ್ಚಿದರೆ ಮಧ್ಯಾಹ್ನದ್ದು.

ಅಗ್ಗದ ಸ್ಟೂಡೆಂಟ್ ಬಣ್ಣವೋ ದುಬಾರಿ ಆರ್ಟಿಸ್ಟ್ ಬಣ್ಣವೋ ಎಂಬ ಜಗಳವನ್ನು ಬೇಗ ಮುಗಿಸುತ್ತೇನೆ. ಸ್ಟೂಡೆಂಟ್ ಬಣ್ಣದಲ್ಲಿ ಪಿಗ್ಮೆಂಟ್ ಕಡಿಮೆ, ಫಿಲ್ಲರ್, ಅಂದರೆ ಗಾತ್ರಕ್ಕೆ ತುಂಬುವ ಪುಡಿ, ಜಾಸ್ತಿ. ಒಣಗಿದ ಮೇಲೆ ಸುಣ್ಣ ಸವರಿದ ಛಾಯೆ ಬರುತ್ತದೆ. ಆದರೂ ಒಳ್ಳೆ ಕಾಗದದ ಮೇಲೆ ಸ್ಟೂಡೆಂಟ್ ಬಣ್ಣ ಬದುಕುತ್ತದೆ, ಕೆಟ್ಟ ಕಾಗದದ ಮೇಲೆ ಆರ್ಟಿಸ್ಟ್ ಬಣ್ಣವೂ ಸಾಯುತ್ತದೆ. ಚಿತ್ರ ಮಾರುವವರು ಮಾತ್ರ ಟ್ಯೂಬಿನ ಹಿಂದಿನ ಪಿಗ್ಮೆಂಟ್ ಕೋಡ್ ಓದಲೇಬೇಕು. ಪಿಆರ್ 83 ಎಂದಿದ್ದರೆ ಅದು ಹಳೆಯ ಅಲಿಝರಿನ್ ಕ್ರಿಮ್ಸನ್, ಬೆಳಕಿಗೆ ಮಾಸುತ್ತದೆ. ಗಿರಾಕಿಯ ಹಜಾರದಲ್ಲಿ ನೀವು ಬರೆದ ಕೆಂಪು ಸೀರೆ ಬಿಳಿಚಿಕೊಂಡರೆ ಮರ್ಯಾದೆ ಯಾರದು ಹೋಗುತ್ತದೆ?

ಹವೆಯ ಮಾತು ಬೇರೆ. ಏಪ್ರಿಲ್ ಮಧ್ಯಾಹ್ನ ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಕೂತರೆ ಭೂತನಾಥ ಗುಡಿಯ ಹಿಂದಿನ ಕೆಂಪು ಬಂಡೆಗೆ ಎಳೆದ ವಾಶ್ ಎಡದಿಂದ ಬಲಕ್ಕೆ ಬರುವಷ್ಟರಲ್ಲಿ ಎಡಗಡೆ ಒಣಗಿರುತ್ತದೆ. ಅಲ್ಲಿ ಕಾಗದದ ಬೆನ್ನನ್ನೂ ಒದ್ದೆ ಮಾಡಿಕೊಳ್ಳಬೇಕು. ಕಾಟನ್ ಅದಕ್ಕೆ ಒಗ್ಗುತ್ತದೆ, ಸಾದಾ ಕಾಗದ ಸುರುಳಿ ಸುತ್ತುತ್ತದೆ. ಜೇನು ಬೆರೆಸಿದ ಬಣ್ಣಗಳು ಅಂಥ ಒಣ ಊರಿನಲ್ಲಿ ಚಿನ್ನ. ಬ್ರಷ್ ತಾಕಿದ ಕೂಡಲೇ ಬಣ್ಣ ಕೊಡುತ್ತವೆ. ಅವನ್ನೇ ಆಷಾಢದಲ್ಲಿ ಮಲ್ಪೆಗೆ ಒಯ್ದರೆ ಪ್ಯಾನಿನಲ್ಲಿ ಅಂಟಂಟಾಗಿ, ಡಬ್ಬಿ ಮುಚ್ಚಿದರೆ ಮುಚ್ಚಳಕ್ಕೆ ಮೆತ್ತಿಕೊಳ್ಳುತ್ತವೆ. ಕರಾವಳಿಗೆ ಗಟ್ಟಿಯಾಗಿ ಒಣಗುವ ಬಣ್ಣವೇ ಸರಿ. ಮಡಿಕೇರಿಯ ಮಳೆಯಲ್ಲಿ ಯಾವ ಬಣ್ಣವೂ ಯಾವ ಕಾಗದವೂ ಒಣಗುವುದಿಲ್ಲ, ಕಾಫಿ ಕುಡಿದು ಬನ್ನಿ.

ವಾಟರ್ ಬ್ರಷ್ಷೋ ಮಾಮೂಲಿ ಬ್ರಷ್ಷೋ? ಹಿಡಿಯಲ್ಲೇ ನೀರು ತುಂಬಿಕೊಳ್ಳುವ ವಾಟರ್ ಬ್ರಷ್ ಕೂತು ಬರೆಯುವವರಿಗೆ ಬೇಡ. ನೀರು ಎಷ್ಟು ಇಳಿಯುತ್ತದೆ ಎನ್ನುವುದು ನಮ್ಮ ಕೈಯಲ್ಲಿರುವುದಿಲ್ಲ, ಕಡು ಬಣ್ಣ ಬೇಕೆಂದಾಗಲೇ ತೊಟ್ಟಿಕ್ಕುತ್ತದೆ. ಉದ್ದ ತುದಿಯ 8ನೇ ನಂಬರ್ ರೌಂಡ್ ಬ್ರಷ್ ಒಂದಿದ್ದರೆ ಆಕಾಶವನ್ನೂ ಎಳೆಯಬಹುದು, ಕರೆಂಟ್ ತಂತಿಯನ್ನೂ ಎಳೆಯಬಹುದು. ಪ್ರಯಾಣದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಯಶವಂತಪುರದಿಂದ ಕರಾವಳಿಗೆ ಹೋಗುವ ಹಗಲು ರೈಲಿನಲ್ಲಿ ನೀರಿನ ಲೋಟ ಇಟ್ಟುಕೊಂಡರೆ ಎದುರಿನವರ ಪಂಚೆಗೆ ಅಭಿಷೇಕ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿಯಲ್ಲಿ 57 ಸುರಂಗಗಳಿವೆ. ಬೆಳಕಿರುವಾಗ ವಾಟರ್ ಬ್ರಷ್ಷಿನಲ್ಲಿ ನಾಲ್ಕು ಏಟು ಹಾಕು, ಸುರಂಗ ಬಂದಾಗ ಒಣಗಲು ಬಿಡು. ಆ ಘಾಟಿ ನನಗೆ ಕಲಿಸಿದಷ್ಟು ತಾಳ್ಮೆಯನ್ನು ಯಾವ ಮೇಷ್ಟ್ರೂ ಕಲಿಸಿಲ್ಲ.

ಪೆನ್ನಿನ ವಿಚಾರ ಎರಡೇ ಮಾತು. ಬಣ್ಣಕ್ಕೆ ಮೊದಲು ಗೆರೆ ಎಳೆಯುವವರಿಗೆ ನೀರಿಗೆ ಕರಗದ ಪಿಗ್ಮೆಂಟ್ ಇಂಕ್ ಬೇಕೇ ಬೇಕು. ಸಕುರಾದ ಮೈಕ್ರಾನ್ ಪೆನ್ನು ಎಲ್ಲ ಕಡೆ ಸಿಗುತ್ತದೆ. ಫೌಂಟನ್ ಪೆನ್ನಿಗೆ ಕಾರ್ಬನ್ ಇಂಕ್ ಹಾಕಿದರೆ ಗೆರೆ ಇನ್ನೂ ಜೀವಂತ. ಆದರೆ ವಾರಗಟ್ಟಲೆ ಬಳಸದೆ ಬಿಟ್ಟರೆ ನಿಬ್ಬಿನಲ್ಲೇ ಗಟ್ಟಿಯಾಗುತ್ತದೆ. ದಿನಾ ಬರೆಯುವವರಿಗೆ ಮಾತ್ರ ಅದು.

ಕೊನೆಗೆ, ಸ್ಥಳದಲ್ಲೇ ಬರೆಯುವುದೋ, ಫೋಟೊ ತೆಗೆದು ಮನೆಯಲ್ಲಿ ಬರೆಯುವುದೋ? 2007ರಲ್ಲಿ ಸಿಯಾಟಲ್‌ನ ಪತ್ರಕರ್ತ, ಚಿತ್ರಕಾರ ಗಾಬ್ರಿಯೆಲ್ ಕಾಂಪನಾರಿಯೊ ಶುರುಮಾಡಿದ ಅರ್ಬನ್ ಸ್ಕೆಚರ್ಸ್ ಬಳಗ ಸ್ಥಳದಲ್ಲೇ ನೋಡಿ ಬರೆಯಬೇಕು ಎನ್ನುವುದನ್ನು ಮೊದಲ ನಿಯಮವಾಗಿ ಇಟ್ಟುಕೊಂಡಿತು. ಅದಕ್ಕೂ ಎಷ್ಟೋ ಮೊದಲು ನಮ್ಮ ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಬಿಟ್ಟ ಮರಗಳ ಮುಂದೆ ನಿಂತು ಬಣ್ಣ ಹಚ್ಚಿದರು. ನನ್ನ ಅನುಭವದಲ್ಲಿ ಫೋಟೊದಿಂದ ಬರೆದ ಚಿತ್ರ ಹೆಚ್ಚು ಸರಿಯಾಗಿರುತ್ತದೆ, ಹೆಚ್ಚು ಬೋರೂ ಹೊಡೆಸುತ್ತದೆ. ಫೋನಿನ ಕ್ಯಾಮೆರಾ ನೆರಳನ್ನು ಒಂದೋ ಕರಿ ಮಾಡುತ್ತದೆ, ಇಲ್ಲವೇ ಎಳೆದು ಬೆಳಗಿಸಿಬಿಡುತ್ತದೆ. ದರ್ಶಿನಿಯ ಸೂರಿನ ಕೆಳಗಿನ ನೆರಳಿನಲ್ಲಿ ಕಾಫಿ ಕುಡಿಯುವವರ ಮುಖಕ್ಕೆ ಎದುರಿನ ರಸ್ತೆಯ ಬಿಸಿಲು ತಿರುಗಿ ಬಡಿದು ಒಂದು ಹೊಂಬಣ್ಣ ಕೊಡುತ್ತದಲ್ಲ, ಅದು ಕಣ್ಣಿಗೆ ಮಾತ್ರ ಕಾಣುವುದು. ಮೇಲಾಗಿ, ಸ್ಥಳದಲ್ಲಿ ಇಪ್ಪತ್ತು ನಿಮಿಷ ಕೂತರೆ ಏನನ್ನು ಬಿಡಬೇಕು ಎನ್ನುವುದು ತಾನಾಗಿ ಗೊತ್ತಾಗುತ್ತದೆ. ಫೋಟೊದಲ್ಲಿ ಎಲ್ಲವೂ ಸಮಾನವಾಗಿ ಕಾಣುತ್ತವೆ.

ಹಾಗಂತ ಫೋಟೊ ತೆಗೆಯುವುದನ್ನು ನಾನು ಬಿಟ್ಟಿಲ್ಲ. ಅಂಗಡಿಯ ಬೋರ್ಡಿಗೆ ಒಂದು, ಯಾವಾಗಲೂ. ಬೋರ್ಡಿನ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಸಾಕು, ಚಿತ್ರ ಎಷ್ಟೇ ಚೆನ್ನಾಗಿರಲಿ, ಮಾಲೀಕರ ಬೆರಳು ಮೊದಲು ಹೋಗುವುದು ಅಲ್ಲಿಗೇ.