ಜಿನೀವಾದ ಅಗ್ಗದ ಬಾಡಿಗೆ ಕಾರನ್ನು ನಂಬಿ ಆಲ್ಪ್ಸ್‌ಗೆ ಹೊರಡುವವರು ದಯವಿಟ್ಟು ಓದಿ

ಫೆಬ್ರವರಿಯ ಶಾಲಾ ರಜೆಗೆ ಇಂಗ್ಲೆಂಡಿನಿಂದ ಫ್ರಾನ್ಸಿನ ಆಲ್ಪ್ಸ್ ಕಡೆಗೆ ಸ್ಕೀಯಿಂಗ್‌ಗೆ ಹೊರಟಿರುವ ನಮ್ಮ ಕನ್ನಡದ ಕುಟುಂಬಗಳು, ಸ್ವಂತ ಕಾರಿನಲ್ಲಿ ಹೋಗುವುದು ಲಾಭವೋ ವಿಮಾನ ಹತ್ತುವುದು ಲಾಭವೋ ಎಂದು ಲೆಕ್ಕ ಹಾಕುವಾಗ, ಜಿನೀವಾ ವಿಮಾನ ನಿಲ್ದಾಣದ ಬಾಡಿಗೆ ಕಾರಿಗೆ ಜಾಲತಾಣಗಳಲ್ಲಿ ಕಾಣುವ ಮೊತ್ತವನ್ನು ಆ ಲೆಕ್ಕದಲ್ಲಿ ದಯವಿಟ್ಟು ಬರೆದುಕೊಳ್ಳಬೇಡಿ. ಅದು ಬೆಲೆಯಲ್ಲ, ನಿಮ್ಮನ್ನು ಕೌಂಟರಿನವರೆಗೆ ಕರೆಸಿಕೊಳ್ಳಲು ಹಾಕಿದ ಸಂಖ್ಯೆ, ಅಷ್ಟೇ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನನ್ನ ದೂರು ಇನ್ನೂ ಇತ್ಯರ್ಥವಾಗಿಲ್ಲ. ಆದರೆ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ನಾವಿಬ್ಬರು, ಇಬ್ಬರು ಮಕ್ಕಳು ಮತ್ತು ನನ್ನ ಭಾವಮೈದುನ, ಒಟ್ಟು ಐದು ಜನ. ಹೊರಟದ್ದು ಲೆ ಮೆನುಯಿರ್‌ಗೆ. ಅದು ಸಮುದ್ರಮಟ್ಟದಿಂದ ಸುಮಾರು 1,850 ಮೀಟರ್ ಎತ್ತರದಲ್ಲಿರುವ, 600 ಕಿಲೋಮೀಟರ್ ಸ್ಕೀ ಹಾದಿಗಳಿರುವ ತ್ರೀ ವ್ಯಾಲೀಸ್ ಪ್ರದೇಶಕ್ಕೆ ಸೇರಿದ ಊರು. ಕಾರಿನಲ್ಲಿ ಹೋಗುವುದಾದರೆ ರೆಡಿಂಗ್‌ನಿಂದ ಫೋಕ್‌ಸ್ಟನ್, ಅಲ್ಲಿ ಕಾರನ್ನೇ ರೈಲಿಗೆ ಹತ್ತಿಸಿ ಸಮುದ್ರದಡಿಯ ಸುರಂಗದಲ್ಲಿ 35 ನಿಮಿಷ, ಆಮೇಲೆ ಕ್ಯಾಲೆಯಿಂದ ರ‍್ಯಾನ್ಸ್, ಡಿಜೋನ್ ದಾಟಿ ಆಲ್ಬರ್‌ವಿಲ್ ಮೂಲಕ ಮೂಟಿಯೇ ಎಂಬ ಕಣಿವೆಯ ಪಟ್ಟಣದವರೆಗೆ ಹತ್ತಿರ ಹತ್ತಿರ ಸಾವಿರ ಕಿಲೋಮೀಟರ್. ದಾರಿಯುದ್ದಕ್ಕೂ ಟೋಲ್. ನಮ್ಮ ಬೀದಿಯಲ್ಲೇ ಇರುವ ಹಾಸನದ ಕಡೆಯವರೊಬ್ಬರು ಪ್ರತಿ ವರ್ಷ ಹೀಗೆಯೇ ಹೋಗುತ್ತಾರೆ. "ಬೆನ್ನು ನೋಯುತ್ತೆ ಸಾರ್, ಜೇಬು ನೋಯೋದಿಲ್ಲ" ಎಂದು ಅವರು ಹೇಳಿದ್ದರು. ನಾವು ಕಾಗದದ ಮೇಲೆ ಲೆಕ್ಕ ಹಾಕಿದೆವು. ವಿಮಾನದ ಟಿಕೆಟ್‌ಗಳು ರಜೆಯ ವಾರವಾದ್ದರಿಂದ ದುಬಾರಿಯಾಗಿದ್ದರೂ, ಒಂದು ವಾರದ ಬಾಡಿಗೆ ಕಾರು ಕೇವಲ 290 ಯೂರೋ ಎಂದು ಒಂದು ಮಧ್ಯವರ್ತಿ ಜಾಲತಾಣ ತೋರಿಸಿದ್ದರಿಂದ ತಕ್ಕಡಿ ವಿಮಾನದ ಕಡೆಗೆ ವಾಲಿತು. ಆ 290 ಯೂರೋ ಇಲ್ಲದಿದ್ದರೆ ವಾಲುತ್ತಿರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಇಡೀ ಪ್ರವಾಸದ ತೀರ್ಮಾನ ಆ ಒಂದು ಸುಳ್ಳು ಸಂಖ್ಯೆಯ ಮೇಲೆ ನಿಂತಿತ್ತು.

ಜಿನೀವಾ ವಿಮಾನ ನಿಲ್ದಾಣದ ಸಂಗತಿ ಹಲವರಿಗೆ ಗೊತ್ತಿರಬಹುದು, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಅದು ಗಡಿಗೆ ಅಂಟಿಕೊಂಡೇ ಇರುವುದರಿಂದ ಅಲ್ಲಿ ಸ್ವಿಸ್ ಭಾಗ, ಫ್ರೆಂಚ್ ಭಾಗ ಎಂಬ ಎರಡು ಭಾಗಗಳಿವೆ. ಬಾಡಿಗೆ ಕಾರಿನ ಕೌಂಟರ್‌ಗಳು ಎರಡೂ ಕಡೆ ಇವೆ. ಸ್ವಿಸ್ ಭಾಗದ ಕಾರುಗಳಿಗೆ ಚಳಿಗಾಲದಲ್ಲಿ ಸಾಮಾನ್ಯವಾಗಿ ವಿಂಟರ್ ಟೈರ್, ಅಂದರೆ ಹಿಮದಲ್ಲೂ ಹಿಡಿತ ಕೊಡುವ ಟೈರ್ ಇರುತ್ತದೆ. ಸ್ವಿಸ್ ಹೆದ್ದಾರಿಗೆ ಬೇಕಾದ, ವರ್ಷಕ್ಕೆ 40 ಫ್ರಾಂಕಿನ ವಿನ್ಯೆಟ್ ಚೀಟಿಯೂ ಗಾಜಿಗೆ ಅಂಟಿಸಿರುತ್ತದೆ. ಫ್ರೆಂಚ್ ಭಾಗದ ಕಾರಿಗೆ ಇವೆರಡೂ ಇರುತ್ತವೆ ಎಂಬ ಖಾತರಿಯಿಲ್ಲ, ಬೆಲೆ ಇಳಿಯುವುದು ಅದಕ್ಕೇ. ಫ್ರೆಂಚ್ ಭಾಗದಿಂದ ಫೆರ್ನೆ-ವೋಲ್ಟೇರ್ ಎಂಬ ಫ್ರಾನ್ಸಿನ ಊರಿನ ಕಡೆಗೆ ಬೇಲಿ ಹಾಕಿದ ಒಂದು ಪ್ರತ್ಯೇಕ ರಸ್ತೆಯಿದೆ. ಅಲ್ಲಿಂದ ಮುಂದೆ ವಿನ್ಯೆಟ್ ಇಲ್ಲದೆ ಸ್ವಿಸ್ ಹೆದ್ದಾರಿ ಹತ್ತಿ ಸಿಕ್ಕಿಬಿದ್ದರೆ ದಂಡ 200 ಫ್ರಾಂಕ್, ಜೊತೆಗೆ ಚೀಟಿಯ ಹಣವೂ ಹೋಗುತ್ತದೆ. ನಮ್ಮ ಬುಕಿಂಗ್‌ನಲ್ಲಿ "ಜಿನೀವಾ ವಿಮಾನ ನಿಲ್ದಾಣ" ಎಂದು ದೊಡ್ಡದಾಗಿ ಇತ್ತು, "ಫ್ರೆಂಚ್ ಭಾಗ" ಎಂಬುದು ರಶೀದಿಯ ಕೆಳಗೆ ಸಣ್ಣ ಅಕ್ಷರದಲ್ಲಿತ್ತು.

ಕೌಂಟರಿನಲ್ಲಿ ಸಾಲು ಬೆಳೆದಿತ್ತು, ಮಕ್ಕಳು ಸೂಟ್‌ಕೇಸಿನ ಮೇಲೆ ಕುಳಿತು ತೂಕಡಿಸುತ್ತಿದ್ದರು. ನಮ್ಮ ಸರದಿ ಬಂದಾಗ ಅಲ್ಲಿದ್ದ ಯುವಕ ಅತ್ಯಂತ ಮರ್ಯಾದೆಯಿಂದ ಮಾತನಾಡಿದ. ಚಳಿಗಾಲದ ಸಲಕರಣೆ ಕಡ್ಡಾಯ, ಅದಕ್ಕೆ 110 ಯೂರೋ ಎಂದ. ಮಕ್ಕಳ ಆಸನಗಳಿಗೆ ಬೇರೆ ಹಣ ಎಂದ, ಫ್ರಾನ್ಸಿನಲ್ಲಿ ಹತ್ತು ವರ್ಷದೊಳಗಿನ ಮಕ್ಕಳಿಗೆ ಅದು ಬೇಕೇ ಬೇಕಾದ್ದರಿಂದ ವಾದಿಸುವಂತಿರಲಿಲ್ಲ. ಮಧ್ಯವರ್ತಿಯ ಬಳಿ ನಾವು ಆಗಲೇ ಕೊಂಡಿದ್ದ ವಿಮೆಯ ಕಾಗದ ತೋರಿಸಿದಾಗ, "ಅದು ನಿಮ್ಮ ಮತ್ತು ಅವರ ನಡುವಿನ ವಿಷಯ, ನಮಗೆ ಸಂಬಂಧವಿಲ್ಲ" ಎಂದ. ಒಂದೋ ಅವರ ವಿಮೆಯನ್ನು ಕೊಳ್ಳಬೇಕು, ಇಲ್ಲವೇ ನನ್ನ ಕ್ರೆಡಿಟ್ ಕಾರ್ಡಿನಲ್ಲಿ 1,900 ಯೂರೋ ಠೇವಣಿ ತಡೆಹಿಡಿಯಬೇಕು. ಠೇವಣಿಗೆ ಒಪ್ಪಿದೆ. ಹಣ ಪೌಂಡಿನಲ್ಲಿ ಕಡಿತವಾಗಲೇ ಎಂದು ಯಂತ್ರ ಕೇಳಿದ್ದಕ್ಕೆ ನಾನು ಉತ್ತರಿಸುವ ಮೊದಲೇ ಅವನೇ ಹೌದೆಂದು ಗುಂಡಿ ಒತ್ತಿಬಿಟ್ಟಿದ್ದ, ವಿನಿಮಯ ದರದಲ್ಲಿ ಅಲ್ಲೂ ಒಂದಿಷ್ಟು ಹೋಯಿತು. ಹಿಂದೆ ನಿಂತವರು ಗಡಿಯಾರ ನೋಡುತ್ತಿದ್ದರು. ಅಷ್ಟು ಜನರೆದುರು ಪ್ರತಿ ಸಾಲಿಗೂ ತಕರಾರು ತೆಗೆಯುವ ಜಿಪುಣನಂತೆ ಕಾಣುವ ನಾಚಿಕೆ ಇದೆಯಲ್ಲ, ಇಂತಹ ಕೌಂಟರ್‌ಗಳ ವ್ಯಾಪಾರ ನಡೆಯುವುದೇ ಆ ನಾಚಿಕೆಯ ಮೇಲೆ.

ಚಳಿಗಾಲದ ಸಲಕರಣೆ ಎಂದರೆ ವಿಂಟರ್ ಟೈರ್ ತಾನೆ ಎಂದು ನಾನು ಕೇಳಿದೆ. ಅವನು ಕೊಟ್ಟ ಉತ್ತರ ಇಂದಿಗೂ ಕಿವಿಯಲ್ಲಿದೆ: "ಯೆಸ್ ಸರ್, ಕಾರು ಪೂರ್ತಿ ಕಾನೂನುಬದ್ಧವಾಗಿದೆ." ನಾನು ಕೇಳಿದ್ದು ಟೈರಿನ ಬಗ್ಗೆ, ಅವನು ಹೇಳಿದ್ದು ಕಾನೂನಿನ ಬಗ್ಗೆ. ಫ್ರಾನ್ಸಿನಲ್ಲಿ 2021ರ ನವೆಂಬರ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಗುರುತಿಸಿದ ಪರ್ವತ ಪ್ರದೇಶಗಳಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಕಾರಿಗೆ ನಾಲ್ಕು ವಿಂಟರ್ ಟೈರ್ ಇರಬೇಕು, ಅಥವಾ ಡಿಕ್ಕಿಯಲ್ಲಿ ಎರಡು ಚಕ್ರಗಳಿಗಾಗುವಷ್ಟು ಸ್ನೋ ಚೈನ್ (ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಸರಪಳಿ) ಇರಬೇಕು. ಆ "ಅಥವಾ" ಎಂಬುದರಲ್ಲೇ ಇವರ ಲಾಭವಿದೆ. ನಾಲ್ಕು ಟೈರ್ ಬದಲಿಸುವ ಖರ್ಚಿನ ಬದಲು ಡಿಕ್ಕಿಗೆ ಒಂದು ಚೈನಿನ ಪೆಟ್ಟಿಗೆ ಎಸೆದು, ಅದಕ್ಕೆ ಚಳಿಗಾಲದ ಸಲಕರಣೆ ಎಂಬ ಘನವಾದ ಹೆಸರಿಟ್ಟು, 110 ಯೂರೋ ಎಣಿಸಿಕೊಂಡರು.

ಶನಿವಾರವಾಗಿತ್ತು. ಆಲ್ಪ್ಸ್‌ನ ಬಹುಪಾಲು ಅಪಾರ್ಟ್‌ಮೆಂಟ್‌ಗಳ ಬಾಡಿಗೆ ಶನಿವಾರದಿಂದ ಶನಿವಾರಕ್ಕೆ ಇರುವುದರಿಂದ ಆ ದಿನ ಇಳಿಯುವವರೂ ಹತ್ತುವವರೂ ಒಂದೇ ಕಣಿವೆಯಲ್ಲಿ ಸೇರುತ್ತಾರೆ. ಫ್ರೆಂಚ್ ಸರ್ಕಾರದ ಬೀಸೋನ್ ಫ್ಯೂಟೆ ಎಂಬ ಸಂಚಾರ ಮುನ್ಸೂಚನೆಯಲ್ಲಿ ಹಸಿರು, ಕಿತ್ತಳೆ, ಕೆಂಪು, ಕಪ್ಪು ಎಂದು ದಿನಗಳಿಗೆ ಬಣ್ಣ ಕೊಡುತ್ತಾರೆ. ದಟ್ಟಣೆ ಅತಿ ಹೆಚ್ಚಿರುವ ಕಪ್ಪು ಬಣ್ಣದ ದಿನ ಹೊರಡಲೇಬೇಡಿ. ಆಲ್ಬರ್‌ವಿಲ್‌ನಿಂದ ಮೂಟಿಯೇವರೆಗೆ ತೆವಳುತ್ತಾ ಬಂದು, ಕತ್ತಲಾಗಿ, ಹಿಮ ಬೀಳಲು ಶುರುವಾದ ಮೇಲೆ ಘಟ್ಟದ ಬುಡದಲ್ಲಿ ಜಾಂಡಾರ್ಮ್ ಪೊಲೀಸರು ಎಲ್ಲ ಕಾರುಗಳನ್ನೂ ನಿಧಾನಿಸಿ ಟೈರ್ ನೋಡುತ್ತಿದ್ದರು. ನೀಲಿ ವೃತ್ತದೊಳಗೆ ಚೈನ್ ಸುತ್ತಿದ ಟೈರಿನ ಚಿತ್ರ, ಅದರ ಕೆಳಗೆ ವಿಂಟರ್ ಟೈರ್ ಇದ್ದವರು ಹೋಗಬಹುದೆಂಬ ಸಣ್ಣ ಫಲಕ. ಪೊಲೀಸ್ ಟಾರ್ಚ್ ಹಿಡಿದು ನಮ್ಮ ಮುಂದಿನ ಚಕ್ರದತ್ತ ಬಗ್ಗಿ, ವಿಂಟರ್ ಟೈರಿನ ಮೇಲಿರುವ ಪರ್ವತ ಮತ್ತು ಹಿಮದ ಹಳುಕಿನ ಗುರುತು ಹುಡುಕಿದ. ಇರಲಿಲ್ಲ. ಪಕ್ಕಕ್ಕೆ ಹಾಕಿ ಎಂದು ಕೈ ತೋರಿಸಿದ.

ಚೈನ್ ಹಾಕಲೆಂದೇ ಮಾಡಿರುವ ಜಾಗದಲ್ಲಿ ಕಾರು ನಿಲ್ಲಿಸಿ, ಪೆಟ್ಟಿಗೆಯ ಪ್ಲಾಸ್ಟಿಕ್ ಮೊಹರು ಹರಿದು, ಭಾವಮೈದುನ ಮೊಬೈಲಿನ ಬೆಳಕು ಹಿಡಿದಿರಲು ಹಿಮದಲ್ಲಿ ಮೊಣಕಾಲೂರಿ ನಾನು ಚೈನ್ ಬಿಡಿಸಿದೆ. ಚಕ್ರದ ಹಿಂದಿನಿಂದ ತಂದ ಎರಡು ತುದಿಗಳು ಸೇರಲೇ ಇಲ್ಲ, ನಡುವೆ ಗೇಣುದ್ದದ ಅಂತರ. ತಪ್ಪಾಗಿ ಹಾಕುತ್ತಿದ್ದೇನೆಂದು ಬಿಚ್ಚಿ ಮತ್ತೆ ಹಾಕಿದೆ. ಕೈಬೆರಳುಗಳಿಗೆ ಸ್ಪರ್ಶವೇ ಇರಲಿಲ್ಲ. ಕೊನೆಗೆ ನನ್ನ ಹೆಂಡತಿ ಪೆಟ್ಟಿಗೆಯ ಬದಿಯಲ್ಲಿ ಅಚ್ಚಾಗಿದ್ದ ಟೈರ್ ಅಳತೆಗಳ ಪಟ್ಟಿ ಓದಿ, "ರೀ, ಟೈರ್ ಮೇಲೆ ಏನ್ ಬರೆದಿದೆ ನೋಡ್ರಿ" ಎಂದಳು. ಟೈರಿನ ಮೇಲೆ 215/60 ಆರ್ 17. ಪೆಟ್ಟಿಗೆಯ ಮೇಲೆ 195/65 ಆರ್ 15, 205/55 ಆರ್ 16, ಇನ್ನೂ ಕೆಲವು, ಆದರೆ ನಮ್ಮ ಸಂಖ್ಯೆ ಎಲ್ಲೂ ಇರಲಿಲ್ಲ. ಬೇರೆ ಕಾರಿನ ಚೈನನ್ನು ನಮಗೆ ಕೊಟ್ಟಿದ್ದರು. ಹಣ ಕೊಟ್ಟು ಕೊಂಡ ಸಲಕರಣೆ ನಮ್ಮ ಕಾರಿಗೆ ಹೊಂದುವುದೇ ಇಲ್ಲ, ಹೊಂದುವುದೇ ಇಲ್ಲ ಎಂಬುದನ್ನು ಮಕ್ಕಳು ಹಸಿದು ಅಳುತ್ತಿರುವಾಗ ಹೆದ್ದಾರಿಯ ಬದಿಯಲ್ಲಿ ತಿಳಿಯಬೇಕಾಯಿತು. ಮೈ ಉರಿದುಹೋಯಿತು. ಹಾದುಹೋಗುತ್ತಿದ್ದ ಕಾರುಗಳ ಜನ ನಮ್ಮನ್ನೇ ನೋಡುತ್ತಿದ್ದರು.

ತುರ್ತು ಸಹಾಯದ ಸಂಖ್ಯೆಗೆ ಕರೆ ಮಾಡಿದೆ. ಅತ್ತಲಿನ ಹೆಣ್ಣುಮಗಳು ಹೇಳಿದ್ದು: "ಕಾರು ಕೆಟ್ಟಿದೆಯೇ ಸರ್? ಕೆಟ್ಟಿಲ್ಲವಾದರೆ ಇದು ತುರ್ತು ಸಹಾಯದ ವ್ಯಾಪ್ತಿಗೆ ಬರುವುದಿಲ್ಲ." ಚೈನ್ ತಪ್ಪು ಅಳತೆಯದು ಎಂದರೆ, "ಸಲಕರಣೆ ಪರಿಶೀಲಿಸಿ ಪಡೆದಿದ್ದೇನೆಂದು ನೀವು ಸಹಿ ಮಾಡಿದ್ದೀರಿ." ಮೊಹರು ಹಾಕಿದ ಪೆಟ್ಟಿಗೆಯನ್ನು ಪರಿಶೀಲಿಸುವುದು ಹೇಗೆ ಎಂದರೆ, "ಅದನ್ನು ನೀವು ಶಾಖೆಗೇ ಕೇಳಬೇಕು." ಶಾಖೆ ಮುಚ್ಚಿತ್ತು. ಮೂಟಿಯೇ ಪಟ್ಟಣಕ್ಕೆ ಹಿಂದಿರುಗಿ ಒಂದು ಪೆಟ್ರೋಲ್ ಬಂಕಿನಲ್ಲಿ 90 ಯೂರೋ ಕೊಟ್ಟು ಸರಿಯಾದ ಅಳತೆಯ ಚೈನ್ ಕೊಂಡು, ಬಂಕಿನವನೇ ತೋರಿಸಿಕೊಟ್ಟಂತೆ ಹಾಕಿ, ನಿಧಾನವಾಗಿ ಘಟ್ಟ ಹತ್ತಿದೆವು.

ಕಾರು ಹಿಂದಿರುಗಿಸಿದ ದಿನ ಎಲ್ಲವೂ ಸರಿಯಾಗಿದೆ ಎಂದರು. ಆಮೇಲೆ ಗಾಯದ ಮೇಲೆ ಬರೆ ಎಳೆದಂತೆ ಕಾರ್ಡಿನಿಂದ ಮತ್ತೆ 75 ಯೂರೋ ಕಡಿತವಾಯಿತು. ಇ-ಮೇಲಿನಲ್ಲಿ ಕೊಟ್ಟ ಕಾರಣ ಓದಿ: ಚೈನಿನ ಪೆಟ್ಟಿಗೆಯ ಮೊಹರು ಒಡೆದಿರುವುದರಿಂದ ಅದನ್ನು ಬಳಸಲಾಗಿದೆ ಎಂದು ಪರಿಗಣಿಸಲಾಗಿದೆ. ಅಂದರೆ ಹೊಂದದ ಚೈನ್ ಕೊಟ್ಟದ್ದಕ್ಕೆ ಒಮ್ಮೆ ಹಣ, ಅದು ಹೊಂದುವುದಿಲ್ಲ ಎಂದು ಬಿಚ್ಚಿ ನೋಡಿದ್ದಕ್ಕೆ ಇನ್ನೊಮ್ಮೆ ಹಣ. ಟೈರಿನ ಚಿತ್ರ, ಪೆಟ್ಟಿಗೆಯ ಚಿತ್ರ ಎರಡನ್ನೂ ಕಳುಹಿಸಿದೆ. ಬಂದ ಉತ್ತರ: "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು. ವಾಹನವು ಜಾರಿಯಲ್ಲಿರುವ ನಿಯಮಗಳಿಗೆ ಅನುಗುಣವಾಗಿತ್ತು." ಮತ್ತೆ ಬರೆದೆ. ಮತ್ತೆ ಅದೇ ವಾಕ್ಯ, ಕೆಳಗೆ ಬೇರೊಬ್ಬರ ಹೆಸರು. ಮಧ್ಯವರ್ತಿ ಜಾಲತಾಣದವರು ತಾವು ಕೇವಲ ಬುಕಿಂಗ್ ಮಾಡಿಸಿದವರು ಎಂದರು. ನಿಯಮಗಳಿಗೆ ಅನುಗುಣವಾಗಿತ್ತಂತೆ! ಹಾಕಲಾಗದ ಚೈನನ್ನು ಡಿಕ್ಕಿಯಲ್ಲಿಟ್ಟರೆ ಯಾವ ನಿಯಮಕ್ಕೆ ಅನುಗುಣವಾಗುತ್ತದೆ ಎಂಬ ನನ್ನ ಪ್ರಶ್ನೆಗೆ ಇವತ್ತಿನವರೆಗೆ ಯಾರೂ ಉತ್ತರಿಸಿಲ್ಲ.

ನಮ್ಮ ಬೀದಿಯ ಆ ಸ್ನೇಹಿತರು ಅದೇ ವಾರ ಅದೇ ಕಣಿವೆಗೆ ಸ್ವಂತ ಕಾರಿನಲ್ಲಿ ಬಂದಿದ್ದರು. ಶುಕ್ರವಾರ ಹೊರಟು, ದಾರಿಯಲ್ಲಿ ಬೋನ್ ಎಂಬಲ್ಲಿ ರಾತ್ರಿ ತಂಗಿ, ಶನಿವಾರ ಮಧ್ಯಾಹ್ನದೊಳಗೆ ಮೇಲೆ ತಲುಪಿದ್ದರು. ಸುರಂಗದ ರೈಲಿನಲ್ಲಿ ಹಣ ಪಡೆಯುವುದು ಕಾರಿಗೆ, ತಲೆಗಲ್ಲ. ಐವರ ಕುಟುಂಬಕ್ಕೆ ಇದು ದೊಡ್ಡ ವ್ಯತ್ಯಾಸ. ಸ್ಕೀ, ಬೂಟು, ಮಕ್ಕಳ ಆಸನ, ಅಕ್ಕಿ, ಸಾರಿನ ಪುಡಿ, ಕುಕ್ಕರ್ ಯಾವುದಕ್ಕೂ ತೂಕದ ಚಿಂತೆಯಿಲ್ಲ. (ತುಪ್ಪ ಮಾತ್ರ ಒಯ್ಯುವಂತಿಲ್ಲ, ಬ್ರೆಕ್ಸಿಟ್ ನಂತರ ಬ್ರಿಟನ್ನಿನಿಂದ ಹಾಲಿನ ಉತ್ಪನ್ನ, ಮಾಂಸ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ.) ಭಾರತೀಯ ಪಾಸ್‌ಪೋರ್ಟ್ ಇರುವ ನಮ್ಮಂಥವರಿಗೆ ಷೆಂಗೆನ್ ವೀಸಾ ಎರಡೂ ದಾರಿಗೂ ಬೇಕು, ಅದರಲ್ಲಿ ವ್ಯತ್ಯಾಸವಿಲ್ಲ. ಹಾಗೆಂದು ಕಾರಿನ ದಾರಿ ಸುಖದ್ದೆಂದು ನಾನು ಹೇಳುವುದಿಲ್ಲ. ಸಣ್ಣ ಮಕ್ಕಳಿದ್ದರೆ ಎರಡು ದಿನ ಹೋಗಲು, ಎರಡು ದಿನ ಬರಲು ರಜೆಯಲ್ಲೇ ಕಳೆಯುತ್ತದೆ. ಹೆಡ್‌ಲೈಟಿಗೆ ಅಂಟಿಸುವ ಪಟ್ಟಿ, ತ್ರಿಕೋನ ಫಲಕ, ಹೊಳೆಯುವ ಜಾಕೆಟ್, ಹಿಂಬದಿಗೆ ಯುಕೆ ಸ್ಟಿಕ್ಕರ್, ಇಷ್ಟೂ ನೀವೇ ಹೊಂದಿಸಿಕೊಳ್ಳಬೇಕು. ಆದರೆ ಅಲ್ಲಿ ನಿಮ್ಮ ಟೈರಿನ ಅಳತೆ ನಿಮಗೆ ಗೊತ್ತಿರುತ್ತದೆ, ನಿಮ್ಮ ಚೈನನ್ನು ನೀವು ಮನೆಯ ಮುಂದೆಯೇ ಹಾಕಿ ನೋಡಬಹುದು.

ವಿಮಾನವೇ ಬೇಕೆನ್ನುವವರು ಜಿನೀವಾದಿಂದ ಬಸ್ಸಿನಲ್ಲೋ ಹಂಚಿಕೊಳ್ಳುವ ವ್ಯಾನಿನಲ್ಲೋ ಹೋಗಿ. ಮೇಲೆ ಊರಿನಲ್ಲಿ ಕಾರಿನ ಅಗತ್ಯವೇ ಬೀಳುವುದಿಲ್ಲ, ನಮ್ಮ ಕಾರು ವಾರವಿಡೀ ಹಿಮದಡಿ ಹೂತು ನಿಂತಿತ್ತು. ಬಾಡಿಗೆ ಕಾರೇ ಬೇಕಾದರೆ ಸ್ವಿಸ್ ಭಾಗದಲ್ಲಿ ಪಡೆಯಿರಿ, "ನಾಲ್ಕು ವಿಂಟರ್ ಟೈರ್" ಎಂಬ ಪದಗಳೇ ಬರಹದಲ್ಲಿ ಇರಲಿ, ಸಲಕರಣೆ ಎಂಬ ಮಾತಿಗೆ ಮರುಳಾಗಬೇಡಿ. ಚೈನ್ ಕೊಟ್ಟರೆ ಕೌಂಟರಿನವನ ಎದುರೇ ಪೆಟ್ಟಿಗೆಯ ಪಟ್ಟಿಯನ್ನೂ ಟೈರಿನ ಸಂಖ್ಯೆಯನ್ನೂ ಹೋಲಿಸಿ, ಹಿಂದಿನ ಸಾಲು ಗೊಣಗಿದರೆ ಗೊಣಗಲಿ. ಮರ್ಯಾದೆಯ ಮಾತಿಗೆ ಮರ್ಯಾದೆ ಕೊಡುವ ಅಗತ್ಯ ಅಲ್ಲಿ ಇಲ್ಲ.

ಸದ್ಯ ಕಾರ್ಡ್ ಕಂಪನಿಯ ಮೂಲಕ 110 ಮತ್ತು 75 ಯೂರೋ ಎರಡನ್ನೂ ಪ್ರಶ್ನಿಸಿದ್ದೇನೆ. ಬಾಡಿಗೆ ಕಂಪನಿ ಅವರಿಗೂ ಅದೇ "ಅನುಗುಣವಾಗಿತ್ತು" ಎಂಬ ವಾಕ್ಯವನ್ನು ಕಳುಹಿಸಿದೆಯಂತೆ. ಜಿನೀವಾದ ಫ್ರೆಂಚ್ ಭಾಗದಿಂದ ಕಾರು ಪಡೆದು ಇದೇ ರೀತಿ ಹೊಂದದ ಚೈನ್ ಸಿಕ್ಕವರು, ಅಥವಾ ಮೊಹರು ಒಡೆದದ್ದಕ್ಕೆ ಹಣ ಕಳೆದುಕೊಂಡವರು ನಿಮ್ಮಲ್ಲಿ ಇದ್ದರೆ, ಪೆಟ್ಟಿಗೆಯ ಮತ್ತು ಬಿಲ್ಲಿನ ಚಿತ್ರವನ್ನು ದಯವಿಟ್ಟು ನನಗೆ ಕಳುಹಿಸಿಕೊಡಿ, ದೂರಿನ ಜೊತೆ ಲಗತ್ತಿಸುತ್ತೇನೆ.