ಒಸಾಕಾದ ಸೂಪರ್ ಮಾರ್ಕೆಟ್‌ನಲ್ಲಿ ರಾತ್ರಿಯೂಟ

ಧಾರವಾಡದವರಿಗೆ ಸೂಪರ್ ಮಾರ್ಕೆಟ್ ಎಂದರೆ ಕಾಯಿಪಲ್ಲೆಯ ಪೇಟೆ. ಹೀಗಾಗಿ ಜಪಾನಿನ ಒಸಾಕಾದಲ್ಲಿ ನಮ್ಮ ವಸತಿಗೃಹದ ಪಕ್ಕದ ದೊಡ್ಡ ಮಳಿಗೆಯನ್ನು ಹೊಕ್ಕಾಗ, ಅಲ್ಲಿ ಯಾರೂ ಚೌಕಾಶಿ ಮಾಡದಿರುವುದೇ ಮೊದಲು ವಿಚಿತ್ರವೆನಿಸಿತು. ಆದರೆ ರಾತ್ರಿ ಎಂಟರ ಸುಮಾರಿಗೆ ಸಿಬ್ಬಂದಿಯೊಬ್ಬರು ಬಂದು, ಉಳಿದ ಊಟದ ಡಬ್ಬಿಗಳಿಗೆ ಅರ್ಧ ಬೆಲೆಯ ಚೀಟಿ ಅಂಟಿಸತೊಡಗಿದಾಗ, ಅದಕ್ಕಾಗಿಯೇ ಕಾಯುತ್ತಿದ್ದ ಸ್ಥಳೀಯರು ಸದ್ದಿಲ್ಲದೆ ಸುತ್ತುವರಿದರು.

ಸಸ್ಯಾಹಾರಿಗಳು ಮಾತ್ರ ಎಚ್ಚರದಿಂದಿರಬೇಕು. ಬರೀ ತರಕಾರಿಯಂತೆ ಕಾಣುವ ಪಲ್ಯದಲ್ಲೂ ಒಣಮೀನಿನಿಂದ ತೆಗೆದ ‘ದಾಶಿ’ ಎಂಬ ಸಾರು ಸೇರಿರುವುದು ಸಾಮಾನ್ಯ. ವಿವರವೆಲ್ಲ ಜಪಾನಿ ಲಿಪಿಯಲ್ಲಿರುವುದರಿಂದ ಮೊಬೈಲಿನ ಕ್ಯಾಮೆರಾ ಹಿಡಿದು ಅನುವಾದಿಸಿಕೊಂಡೇ ಕೊಳ್ಳಬೇಕಾಯಿತು. ಹಾಗೆ ಹುಡುಕಿ ದೊರೆತದ್ದು ಉಮೆಬೋಶಿ ಎಂಬ ಉಪ್ಪಿನಲ್ಲಿ ಹಾಕಿದ ಹಣ್ಣು ತುಂಬಿದ ಒನಿಗಿರಿ, ಅಂದರೆ ಅನ್ನದ ಮುಕ್ಕೋನದ ಉಂಡೆ. ಪೊಟ್ಟಣದ ಮೇಲಿನ 1, 2, 3 ಅಂಕಿಗಳ ಕ್ರಮದಲ್ಲಿ ಎಳೆದರೆ, ನಡುವಿನ ಪ್ಲಾಸ್ಟಿಕ್ ಹಾಳೆ ಜಾರಿ, ಅಷ್ಟು ಹೊತ್ತು ಗರಿಗರಿಯಾಗಿಯೇ ಉಳಿದಿದ್ದ ಕಡಲಪಾಚಿಯ ಹಾಳೆ ಅನ್ನವನ್ನು ಸುತ್ತಿಕೊಳ್ಳುತ್ತದೆ. ಒಳಗಿನ ಹಣ್ಣು ಖಾರವಿಲ್ಲದ ಉಪ್ಪಿನಕಾಯಿಯಂತೆ ಹುಳಿ ಹುಳಿ. ಮನೆಯಿಂದ ಒಯ್ದಿದ್ದ ಶೇಂಗಾ ಚಟ್ನಿಪುಡಿಯನ್ನು ಉದುರಿಸಿಕೊಂಡ ಮೇಲೆ ಊಟ ನಮ್ಮದೆನಿಸಿತು.

2019ರ ಅಕ್ಟೋಬರ್‌ನಿಂದ ಜಪಾನಿನಲ್ಲಿ ಇಂಥ ತಿನಿಸನ್ನು ಕಟ್ಟಿಸಿಕೊಂಡು ಹೋದರೆ ಶೇ 8, ಅಲ್ಲಿಯೇ ಕುಳಿತು ತಿಂದರೆ ಶೇ 10 ತೆರಿಗೆ. ನಾವು ಕುಳಿತೇ ತಿನ್ನುವುದೆಂದು ಹೇಳಿ ಹಣ ಕೊಟ್ಟ ಬಳಿಕ, ಕೂರುವ ಜಾಗ ಆಗಲೇ ಮುಚ್ಚಿರುವುದು ತಿಳಿಯಿತು; ಅದು ಮುಚ್ಚಿದೆ ಎಂಬ ಸೂಚನೆಯನ್ನು ಕೌಂಟರಿನ ಬಳಿಯೇ ಹಾಕಿದ್ದರೆ ಒಳ್ಳೆಯದಿತ್ತು.